ಮುಖಕ್ಕೆ ಹಗುರವಾದ ತೇವಾಂಶದ ಸೀರಮ್: ನಿಮ್ಮ ಊರಿನ ಗಾಳಿಗೂ ಚರ್ಮಕ್ಕೂ ಒಗ್ಗುವುದು ಯಾವುದು?

ತೇವಾಂಶದ ಸೀರಮ್ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ದೊರೆಯುವ ಬಾಟಲಿಗಳನ್ನು ಸಾಲಾಗಿಟ್ಟು ನೋಡಿದರೆ ಮೊದಲು ಎದ್ದು ಕಾಣುವುದು ಮುಂಭಾಗದಲ್ಲಿ ಅಚ್ಚಾದ ಅಂಕಿ. ಲೋರಿಯಲ್ ಪ್ಯಾರಿಸ್ ಬಾಟಲಿಯ ಮೇಲೆ 1.5, ದಿ ಆರ್ಡಿನರಿಯ ಬಾಟಲಿಯ ಮೇಲೆ 2, ಹಲವು ಭಾರತೀಯ ಕಂಪನಿಗಳ ನಿಯಾಸಿನಮೈಡ್ ಸೀರಮ್‌ಗಳ ಮೇಲೆ 10, ವಿಶಿ ಕಂಪನಿಯ ಮಿನರಲ್ 89ರ ಹೆಸರಿನಲ್ಲೇ 89, ಕೊರಿಯಾದ ಕಾಸ್‌ಆರ್‌ಎಕ್ಸ್ ಬಾಟಲಿಯ ಮೇಲೆ 96. ಈ ಅಂಕಿಗಳೆಲ್ಲ ಶೇಕಡಾ ಪ್ರಮಾಣಗಳು, ಆದರೆ ಒಂದೇ ವಸ್ತುವಿನ ಅಳತೆಗಳಲ್ಲ. ಮೊದಲೆರಡು ಹೈಲುರಾನಿಕ್ ಆಮ್ಲಕ್ಕೆ ಸಂಬಂಧಿಸಿದವು, ಮೂರನೆಯದು ಬಿ3 ಜೀವಸತ್ವದ ಒಂದು ರೂಪದ ಪ್ರಮಾಣ, ನಾಲ್ಕನೆಯದು ಫ್ರಾನ್ಸಿನ ವಿಶಿ ಪಟ್ಟಣದ ಖನಿಜಯುಕ್ತ ನೀರಿನ ಪ್ರಮಾಣ, ಕೊನೆಯದು ಬಸವನಹುಳುವಿನ ಲೋಳೆಯನ್ನು ಸೋಸಿ ತೆಗೆದ ದ್ರವದ್ದು. ಅಂಕಿ ದೊಡ್ಡದಾದಷ್ಟೂ ಸೀರಮ್ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದಿನನಿತ್ಯದ ಬಳಕೆಗೆ ಸೀರಮ್ ಆರಿಸುವಾಗ ಈ ಅಂಕಿಗಿಂತ ಮುಖ್ಯವಾದ ಸಂಗತಿಗಳು ಮೂರು ಎಂಬುದು ನನ್ನ ಅಭಿಪ್ರಾಯ: ನೀವು ದಿನದ ಹೆಚ್ಚಿನ ಹೊತ್ತು ಎಂಥ ಗಾಳಿಯಲ್ಲಿ ಇರುತ್ತೀರಿ, ಸೀರಮ್‌ನ ಮೇಲೆ ಏನನ್ನು ಹಚ್ಚುತ್ತೀರಿ, ಮತ್ತು ಬಾಟಲಿಯೊಳಗೆ ಚರ್ಮವನ್ನು ಕೆರಳಿಸುವಂಥದ್ದು ಏನಾದರೂ ಇದೆಯೇ. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿಯುವ ಆಯ್ಕೆಗಳು ಕೆಲವೇ, ಮತ್ತು ಅವುಗಳಲ್ಲಿ ಅಗ್ಗದವೂ ಇರುತ್ತವೆ.

ಸೀರಮ್ ಮಾಡುವ ಕೆಲಸ

ಚರ್ಮದ ಅತ್ಯಂತ ಮೇಲಿನ ಪದರವು ಸತ್ತ ಜೀವಕೋಶಗಳಿಂದಾದ ತೆಳ್ಳನೆಯ ಹೊದಿಕೆ. ಆ ಕೋಶಗಳ ಒಳಗೆ ನೀರನ್ನು ಹಿಡಿದಿಡುವ ಅಮೈನೊ ಆಮ್ಲಗಳು, ಯೂರಿಯಾ, ಲ್ಯಾಕ್ಟೇಟ್ ಮೊದಲಾದ ಸಣ್ಣ ಅಣುಗಳು ಇರುತ್ತವೆ. ಕೋಶಗಳ ನಡುವಿನ ಸಂದಿಗಳಲ್ಲಿ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳ ಜಿಡ್ಡು ತುಂಬಿರುತ್ತದೆ. ಮೊದಲನೆಯವು ನೀರನ್ನು ಹಿಡಿಯುತ್ತವೆ, ಎರಡನೆಯವು ಅದು ಆವಿಯಾಗಿ ಹೊರಟುಹೋಗದಂತೆ ತಡೆಯುತ್ತವೆ. ಬಿಸಿನೀರು, ಕ್ಷಾರ ಹೆಚ್ಚಿರುವ ಸಾಬೂನು, ಒಣಗಾಳಿ, ವಯಸ್ಸು, ಮೊಡವೆಗೆ ಹಚ್ಚುವ ಕೆಲವು ಔಷಧಿಗಳು, ಇವೆಲ್ಲ ಸೇರಿ ಈ ಎರಡರಲ್ಲಿ ಯಾವುದನ್ನಾದರೂ ಕಡಿಮೆ ಮಾಡಿದಾಗ ಮುಖ ಬಿಗಿದುಕೊಂಡಂತಾಗುತ್ತದೆ, ಹೊಟ್ಟು ಏಳುತ್ತದೆ, ಸಣ್ಣ ಗೆರೆಗಳು ಎದ್ದು ಕಾಣುತ್ತವೆ.

ಹಗುರವಾದ ತೇವಾಂಶದ ಸೀರಮ್ ಎನ್ನುವುದು ಬಹುಪಾಲು ನೀರು ಮತ್ತು ನೀರನ್ನು ಹಿಡಿಯುವ ಪದಾರ್ಥಗಳ ಮಿಶ್ರಣ. ಅಂದರೆ ಅದು ಮೊದಲನೆಯ ಕೆಲಸವನ್ನು ಮಾತ್ರ ಮಾಡುತ್ತದೆ. ನೀರನ್ನು ತಡೆದಿಡುವ ಎರಡನೆಯ ಕೆಲಸಕ್ಕೆ ಮೇಲೊಂದು ಮಾಯಿಶ್ಚರೈಸರ್ ಬೇಕಾಗುತ್ತದೆ, ಅಥವಾ ನಿಮ್ಮ ಚರ್ಮವೇ ಸಾಕಷ್ಟು ಜಿಡ್ಡನ್ನು ಸುರಿಸುತ್ತಿರಬೇಕು. ಎಣ್ಣೆ ಚರ್ಮದ ಗೆಳತಿಗೆ ಒಂದು ಸೀರಮ್ ಅಷ್ಟೇ ಸಾಕಾಗಿ, ಅದೇ ಬಾಟಲಿ ಒಣ ಚರ್ಮದವರಿಗೆ ಇನ್ನಷ್ಟು ಬಿಗಿತವನ್ನು ತಂದರೆ ಅದರಲ್ಲಿ ಆಶ್ಚರ್ಯವಿಲ್ಲ. ವ್ಯತ್ಯಾಸ ಇರುವುದು ಬಾಟಲಿಯಲ್ಲಿ ಅಲ್ಲ, ಹಚ್ಚಿದ ಸೀರಮ್‌ನ ಮೇಲಿನ ಜಿಡ್ಡಿನ ಹೊದಿಕೆಯಲ್ಲಿ.

ಹೈಲುರಾನಿಕ್ ಆಮ್ಲ ಮತ್ತು ಗ್ಲಿಸರಿನ್

ಇಂದಿನ ಮಾರುಕಟ್ಟೆಯ ನಿಜವಾದ ಹೋಲಿಕೆ ಇವೆರಡರ ನಡುವೆ ನಡೆಯಬೇಕು. ಒಂದಕ್ಕೆ ಪ್ರಚಾರವೆಲ್ಲ ಸಂದಿದೆ, ಇನ್ನೊಂದು ಕೆಲಸದ ಹೆಚ್ಚಿನ ಭಾರವನ್ನು ಹೊತ್ತಿದೆ.

ಹೈಲುರಾನಿಕ್ ಆಮ್ಲವನ್ನು 1934ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅವರು ದನದ ಕಣ್ಣಿನ ಗುಡ್ಡೆಯೊಳಗಿನ ದ್ರವದಿಂದ ಬೇರ್ಪಡಿಸಿದರು. ನಮ್ಮ ದೇಹದಲ್ಲೂ ಅದು ಸಹಜವಾಗಿಯೇ ಇದೆ, ಅದರಲ್ಲಿ ಸುಮಾರು ಅರ್ಧದಷ್ಟು ಚರ್ಮದಲ್ಲಿದೆ. ಒಂದು ಕಾಲದಲ್ಲಿ ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಸೌಂದರ್ಯ ಸಾಧನಗಳಲ್ಲಿ ಈಗ ಬಳಕೆಯಾಗುವುದು ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಾದದ್ದು, ಆದ್ದರಿಂದ ಸಸ್ಯಾಹಾರಿಗಳು ಈ ಕುರಿತು ಹೆಚ್ಚು ಅಂಜಬೇಕಾಗಿಲ್ಲ. ಅದರ ಅಣು ಬಹಳ ದೊಡ್ಡದು: ಸೀರಮ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ದೊಡ್ಡ ರೂಪದ ತೂಕ ಹತ್ತು ಲಕ್ಷ ಡಾಲ್ಟನ್‌ಗೂ ಮೀರುತ್ತದೆ (ಡಾಲ್ಟನ್ ಎಂದರೆ ಅಣುಗಳ ತೂಕವನ್ನು ಹೇಳುವ ಮಾನ). ಆರೋಗ್ಯವಂತ ಚರ್ಮವನ್ನು ಸುಲಭವಾಗಿ ದಾಟಬಲ್ಲ ಅಣುಗಳ ಮಿತಿಯನ್ನು ಚರ್ಮವಿಜ್ಞಾನಿಗಳು ಸುಮಾರು 500 ಡಾಲ್ಟನ್ ಎಂದು ಹೇಳುತ್ತಾರೆ. ಹೀಗಾಗಿ ಹೈಲುರಾನಿಕ್ ಆಮ್ಲವು ಮೇಲ್ಮೈಯಲ್ಲೇ ಉಳಿದು, ನೀರನ್ನು ಹಿಡಿದ ತೆಳ್ಳನೆಯ ಪೊರೆಯಾಗುತ್ತದೆ. ಹಚ್ಚಿದ ಕೂಡಲೇ ಮುಖ ನುಣುಪಾಗಿ, ತುಂಬಿಕೊಂಡಂತೆ ಕಾಣುವುದು ಈ ಪೊರೆಯಿಂದಲೇ. ಆ ಪರಿಣಾಮ ನಿಜವಾದದ್ದೇ, ಆದರೆ ಮುಖ ತೊಳೆದಾಗ ಅದೂ ತೊಳೆದುಹೋಗುತ್ತದೆ.

ತನ್ನ ತೂಕದ ಸಾವಿರ ಪಟ್ಟು ನೀರನ್ನು ಅದು ಹಿಡಿದಿಡುತ್ತದೆ ಎಂಬ ಮಾತು ಜಾಹೀರಾತುಗಳಲ್ಲಿ ಬಹಳ ಓಡಾಡಿದೆ. ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. ಶೇಕಡಾ 1ರಷ್ಟು ಹೈಲುರಾನಿಕ್ ಆಮ್ಲವಿರುವ ಸೀರಮ್ಮನ್ನು ಅರ್ಧ ಮಿಲಿಲೀಟರ್ ಹಚ್ಚಿಕೊಂಡರೆ ಮುಖದ ಮೇಲೆ ಬೀಳುವ ಆಮ್ಲ 5 ಮಿಲಿಗ್ರಾಂ. ಅದರ ಸಾವಿರ ಪಟ್ಟು ನೀರು ಎಂದರೆ 5 ಗ್ರಾಂ, ಆದರೆ ಹಚ್ಚಿಕೊಂಡ ಸೀರಮ್‌ನಲ್ಲೇ ಅರ್ಧ ಗ್ರಾಂಗಿಂತ ಹೆಚ್ಚು ನೀರಿಲ್ಲ. ಉಳಿದ ನೀರು ಬರಬೇಕಾದದ್ದು ಗಾಳಿಯಿಂದ ಅಥವಾ ನಿಮ್ಮ ಚರ್ಮದ ಒಳಗಿನಿಂದ. ಗಾಳಿ ಒಣಗಿದ್ದರೆ ಅಲ್ಲಿಂದ ಬರುವುದಿಲ್ಲ. ಈ ಮಾತನ್ನು ಮುಂದೆ ಮತ್ತೆ ನೋಡಲಿದ್ದೇವೆ.

ಗ್ಲಿಸರಿನ್ನಿನ ಅಣುವಿನ ತೂಕ ಕೇವಲ 92 ಡಾಲ್ಟನ್. ಅದು ಮೇಲಿನ ಪದರದೊಳಕ್ಕೆ ಇಳಿಯುತ್ತದೆ, ಅಲ್ಲಿ ಕೂಡಿಕೊಂಡು ನೀರನ್ನು ಹಿಡಿಯುತ್ತದೆ, ಹಲವು ಗಂಟೆಗಳ ಕಾಲ ಉಳಿಯುತ್ತದೆ. ನಮ್ಮ ಚರ್ಮದ ಜೀವಂತ ಕೋಶಗಳಲ್ಲಿ ನೀರಿನ ಜೊತೆಗೆ ಗ್ಲಿಸರಿನ್ನನ್ನೂ ಸಾಗಿಸುವ ಅಕ್ವಾಪೋರಿನ್-3 ಎಂಬ ಸೂಕ್ಷ್ಮ ಕಾಲುವೆಗಳಿವೆ. ಅಕ್ವಾಪೋರಿನ್‌ಗಳನ್ನು ಕಂಡುಹಿಡಿದುದಕ್ಕಾಗಿ ಪೀಟರ್ ಅಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರಕಿತು. ಈ ಕಾಲುವೆಯಿಲ್ಲದ ಇಲಿಗಳ ಚರ್ಮ ಒಣಗುತ್ತದೆ, ಗ್ಲಿಸರಿನ್ ಕೊಟ್ಟರೆ ಸುಧಾರಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹೀಗೆ ದೇಹವೇ ತನ್ನ ತೇವಕ್ಕೆ ಅವಲಂಬಿಸಿರುವ ಪದಾರ್ಥವೊಂದು ಅಗ್ಗವಾಗಿದೆ ಎಂಬ ಒಂದೇ ಕಾರಣಕ್ಕೆ ಬಾಟಲಿಯ ಮುಂಭಾಗದಲ್ಲಿ ಸ್ಥಾನ ಪಡೆಯದೆ ಹಿಂದಿನ ಸಣ್ಣಕ್ಷರಗಳಲ್ಲಿ ಉಳಿದಿದೆ. ಅದರ ಕೊರತೆ ಒಂದೇ: ಪ್ರಮಾಣ ಹೆಚ್ಚಿದರೆ ಅಂಟಂಟಾಗುತ್ತದೆ. ಸೆಕೆಯ ಊರುಗಳಲ್ಲಿ ಇದು ಸಣ್ಣ ತೊಂದರೆಯೇನೂ ಅಲ್ಲ.

ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸುವ ಅಗತ್ಯವಿಲ್ಲ, ಎರಡೂ ಇರುವ ಸೀರಮ್ಮನ್ನು ಆರಿಸಬೇಕು. ಪದಾರ್ಥಗಳ ಪಟ್ಟಿಯಲ್ಲಿ ನೀರಿನ ನಂತರ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿ ಗ್ಲಿಸರಿನ್ ಇದ್ದು, ಕೆಳಗೆಲ್ಲೋ ಸೋಡಿಯಂ ಹೈಲುರೋನೇಟ್ ಇದ್ದರೆ ಅದು ಒಳ್ಳೆಯ ಲಕ್ಷಣ. ಸೋಡಿಯಂ ಹೈಲುರೋನೇಟ್ ಎಂದರೆ ಅದೇ ಆಮ್ಲದ ಲವಣರೂಪ. ಅದನ್ನು ಕಂಡು ಮೋಸವೆಂದು ತಿಳಿಯಬಾರದು. ಗ್ಲಿಸರಿನ್ ಪಟ್ಟಿಯಲ್ಲೇ ಇಲ್ಲದೆ ಹೈಲುರಾನಿಕ್ ಆಮ್ಲವೊಂದೇ ಇರುವ ಸೀರಮ್‌ಗಳು ಹಚ್ಚಲು ಹಿತವಾಗಿರುತ್ತವೆ, ಬೇಗ ಒಣಗುತ್ತವೆ, ಆದರೆ ಒಣ ಚರ್ಮದವರಿಗೆ ಮಧ್ಯಾಹ್ನದ ಹೊತ್ತಿಗೆ ಸಾಲದೆ ಹೋಗುತ್ತವೆ.

ಹೈಡ್ರೊಲೈಸ್ಡ್ ಹೈಲುರಾನಿಕ್ ಆಸಿಡ್ ಎಂದು ಪಟ್ಟಿಯಲ್ಲಿದ್ದರೆ ಅದು ತುಂಡರಿಸಿದ ಸಣ್ಣ ರೂಪ. ಇದು ಒಳಕ್ಕೆ ಸ್ವಲ್ಪ ಹೆಚ್ಚು ಇಳಿಯುತ್ತದೆ ಎಂಬುದನ್ನು ಕಂಪನಿಗಳು ಅದರ ಹೆಚ್ಚುಗಾರಿಕೆಯಾಗಿ ಹೇಳುತ್ತವೆ. ಕೆಂಪಾಗುವ, ಉರಿಯುವ ಸ್ವಭಾವದ ಚರ್ಮದವರಿಗೆ ಮಾತ್ರ ನಾನು ದೊಡ್ಡ ಅಣುವಿನ ರೂಪವನ್ನೇ ಸೂಚಿಸುತ್ತೇನೆ, ಏಕೆಂದರೆ ಈ ಆಮ್ಲದ ಸಣ್ಣ ತುಂಡುಗಳು ದೇಹದೊಳಗೆ ಉರಿಯೂತದ ಸಂಕೇತಗಳಾಗಿಯೂ ಕೆಲಸ ಮಾಡುತ್ತವೆ.

ನಿಯಾಸಿನಮೈಡ್ ಸೇರಿದ ಸೀರಮ್‌ಗಳು

ತೇವದ ಜೊತೆಗೆ ಮೊಡವೆಯ ಕಲೆ, ಮೂಗಿನ ಅಕ್ಕಪಕ್ಕದ ಜಿಡ್ಡು, ಅಸಮವಾದ ಬಣ್ಣ ಇವೂ ಚಿಂತೆಯಾಗಿದ್ದರೆ ನಿಯಾಸಿನಮೈಡ್ ಇರುವ ಸೀರಮ್ ಉಪಯುಕ್ತ. ಇದು ಚರ್ಮವು ತಾನೇ ಸೆರಮೈಡ್‌ಗಳನ್ನು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ, ಅಂದರೆ ನೀರನ್ನು ತಡೆದಿಡುವ ಗೋಡೆಯನ್ನೇ ನಿಧಾನವಾಗಿ ಬಲಪಡಿಸುತ್ತದೆ. ಜಿಡ್ಡಿನ ಮೇಲೆ ಅದರ ಪರಿಣಾಮವನ್ನು ತೋರಿಸಿದ ಅಧ್ಯಯನಗಳು ಶೇಕಡಾ 2ರ ಪ್ರಮಾಣದಲ್ಲಿ, ಕಪ್ಪು ಕಲೆಗಳ ಮೇಲಿನ ಅಧ್ಯಯನಗಳು ಶೇಕಡಾ 4 ಅಥವಾ 5ರ ಪ್ರಮಾಣದಲ್ಲಿ ನಡೆದಿವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಮಾತ್ರ ಶೇಕಡಾ 10ರದ್ದು. ಆ ಪ್ರಮಾಣವನ್ನು ತಾಳಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಆದರೆ ಕೆಲವರಿಗೆ ಕೆನ್ನೆಯಲ್ಲಿ ಚುಚ್ಚುವಿಕೆ, ಕೆಂಪು, ಸಣ್ಣ ಗುಳ್ಳೆಗಳು ಕಾಣಿಸಿಕೊಳ್ಳುತ್ತವೆ. ದಿನವೂ ಹಚ್ಚುವ ತೇವದ ಸೀರಮ್ ಬೇಕಾದವರು ಶೇಕಡಾ 5ಕ್ಕೆ ನಿಂತರೆ ಕಳೆದುಕೊಳ್ಳುವುದೇನೂ ಇಲ್ಲ.

ಪ್ಯಾಂಥೆನಾಲ್ ಎಂಬುದು ಬಿ5 ಜೀವಸತ್ವದ ಪೂರ್ವರೂಪ. ಬಾಟಲಿಗಳ ಮೇಲಿನ 'ಬಿ5' ಎಂಬ ಬರಹ ಸೂಚಿಸುವುದು ಇದನ್ನೇ. ಕೆರಳಿದ ಚರ್ಮವನ್ನು ಇದು ಶಮನಗೊಳಿಸುತ್ತದೆ, ತೇವವನ್ನೂ ಹಿಡಿಯುತ್ತದೆ. ಅಡಪಲೀನ್, ಬೆನ್ಜಾಯ್ಲ್ ಪೆರಾಕ್ಸೈಡ್‌ನಂತಹ ಮೊಡವೆಯ ಔಷಧಿಗಳನ್ನು ವೈದ್ಯರ ಸಲಹೆಯಂತೆ ಬಳಸುತ್ತಿರುವ ಯುವಕ ಯುವತಿಯರಿಗೆ ನಾನು ಮೊದಲು ಹೇಳುವುದು ಗ್ಲಿಸರಿನ್ ಮತ್ತು ಪ್ಯಾಂಥೆನಾಲ್ ಎರಡೂ ಇರುವ, ಸುವಾಸನೆಯಿಲ್ಲದ ಸೀರಮ್ಮನ್ನೇ. ತೇವಾಂಶದ ಸೀರಮ್ ಎಂದು ಮಾರುವ ಕೆಲವು ಬಾಟಲಿಗಳಲ್ಲಿ ಚರ್ಮದ ಸತ್ತ ಪದರವನ್ನು ಕಳಚುವ ಗ್ಲೈಕಾಲಿಕ್ ಅಥವಾ ಸ್ಯಾಲಿಸಿಲಿಕ್ ಆಮ್ಲವೂ ಸೇರಿರುತ್ತದೆ. ಮೊಡವೆಯ ಔಷಧಿಯ ಜೊತೆಗೆ ಅಂಥದ್ದನ್ನು ಹಚ್ಚಿದರೆ ಸಿಪ್ಪೆ ಏಳುವುದು ಖಂಡಿತ.

ಉಳಿದ ಆಯ್ಕೆಗಳು

ಬಸವನಹುಳುವಿನ ಲೋಳೆಯ ಎಸೆನ್ಸ್‌ಗಳು ಸಾಮಾನ್ಯ ಸೀರಮ್‌ಗಿಂತ ದೊಡ್ಡ ಬಾಟಲಿಯಲ್ಲಿ ಬರುವುದರಿಂದ ಮಿಲಿಲೀಟರಿನ ಲೆಕ್ಕದಲ್ಲಿ ಹಲವು ಬಾರಿ ದುಬಾರಿಯೇನಲ್ಲ, ಹಚ್ಚಲು ಹಿತವಾಗಿಯೂ ಇರುತ್ತವೆ. ಪ್ರಾಣಿಜನ್ಯ ಪದಾರ್ಥವನ್ನು ಒಪ್ಪದವರಿಗೆ ಅವು ಸಲ್ಲವು. ಪಾಲಿಗ್ಲುಟಾಮಿಕ್ ಆಮ್ಲ ಹೈಲುರಾನಿಕ್ ಆಮ್ಲದಂತೆಯೇ ಮೇಲೆ ಪೊರೆ ಕಟ್ಟುವ ಪದಾರ್ಥ. ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಸೆರಮೈಡ್ ಅಥವಾ ಸ್ಕ್ವಾಲೇನ್ ಎಂಬ ಹಗುರವಾದ ಎಣ್ಣೆ ಸೇರಿದ, ಹಾಲಿನಂತೆ ಬೆಳ್ಳಗಿರುವ ಸೀರಮ್‌ಗಳ ಮಾತು ಬೇರೆ. ಅವು ನೀರು ಹಿಡಿಯುವ ಕೆಲಸವನ್ನೂ ತಡೆದಿಡುವ ಕೆಲಸವನ್ನೂ ಅಷ್ಟಿಷ್ಟು ಮಾಡುವುದರಿಂದ, ಸೀರಮ್ ಮೇಲೆ ಮತ್ತೊಂದು ಕ್ರೀಮ್ ಹಚ್ಚುವ ವ್ಯವಧಾನ ಇಲ್ಲದವರಿಗೆ ಅನುಕೂಲ.

ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗ್ಲಿಸರಿನ್ ಮತ್ತು ಪನ್ನೀರಿನ ಮಿಶ್ರಣವನ್ನು ಇಲ್ಲಿ ಕಡೆಗಣಿಸುವುದು ಸರಿಯಲ್ಲ, ಏಕೆಂದರೆ ಮೂಲತತ್ವದಲ್ಲಿ ಅದೂ ತೇವಾಂಶದ ಸೀರಮ್ಮೇ. ಔಷಧಿ ಅಂಗಡಿಯಲ್ಲಿ 'ಐ.ಪಿ.' ಎಂದು ಗುರುತಿರುವ, ಅಂದರೆ ಭಾರತೀಯ ಔಷಧಕೋಶದ ಗುಣಮಟ್ಟದ ಗ್ಲಿಸರಿನ್ನನ್ನೇ ಕೊಂಡು, ಒಂದು ಪಾಲಿಗೆ ಒಂಬತ್ತು ಪಾಲು ಕುದಿಸಿ ಆರಿಸಿದ ನೀರು ಅಥವಾ ಪನ್ನೀರು ಸೇರಿಸಿದರೆ ಹದವಾದ ಪ್ರಮಾಣ ಸಿಗುತ್ತದೆ. ನೀರು ಬೆರೆಸದ ಗ್ಲಿಸರಿನ್ನನ್ನು ನೇರವಾಗಿ ಮುಖಕ್ಕೆ ಹಚ್ಚಬಾರದು. ಅದು ಚರ್ಮದೊಳಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಈ ಮಿಶ್ರಣದಲ್ಲಿ ಸಂರಕ್ಷಕ ಇರುವುದಿಲ್ಲವಾದ್ದರಿಂದ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ಕೆಲವೇ ದಿನಗಳಲ್ಲಿ ಮುಗಿಸಬೇಕು. ಪನ್ನೀರು ಎಂದು ಮಾರುವ ಬಾಟಲಿಗಳಲ್ಲಿ ಕೆಲವು ಬರಿಯ ನೀರು ಮತ್ತು ಕೃತಕ ಸುವಾಸನೆಯ ಮಿಶ್ರಣಗಳಾಗಿರುತ್ತವೆ, ಅದನ್ನೂ ನೋಡಿಕೊಳ್ಳಬೇಕು. ಹೀಗೆ ಮಾಡಿಟ್ಟುಕೊಳ್ಳಲು ಆಗದವರು ಕೊಳ್ಳುವ ಸೀರಮ್‌ನಲ್ಲಿ ಹೆಚ್ಚುವರಿಯಾಗಿ ಪಡೆಯುವುದು ಮುಖ್ಯವಾಗಿ ಎರಡನ್ನು: ಕೆಡದೆ ಉಳಿಯುವ ಗುಣ ಮತ್ತು ಅಂಟಿಲ್ಲದ ಹಗುರತನ. ಎರಡೂ ಬೆಲೆ ಬಾಳುವಂಥವೇ.

ಲೋಳೆಸರದ ತಾಜಾ ತಿರುಳಿನ ಬಗ್ಗೆ ಒಂದು ಎಚ್ಚರಿಕೆ. ಎಲೆ ಕುಯ್ದಾಗ ಸಿಪ್ಪೆಯ ಕೆಳಗಿನಿಂದ ಸೋರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಅದನ್ನು ಪೂರ್ತಿ ಸೋರಲು ಬಿಟ್ಟು, ತೊಳೆದು, ಒಳಗಿನ ಬಣ್ಣವಿಲ್ಲದ ತಿರುಳನ್ನಷ್ಟೇ ಬಳಸಬೇಕು.

ಊರಿನ ಗಾಳಿ ನೋಡಿ ಆರಿಸುವುದು

ಮಂಗಳೂರು, ಉಡುಪಿ, ಕಾರವಾರದ ಗಾಳಿಯಲ್ಲಿ ವರ್ಷದ ಬಹುಭಾಗ ತೇವ ತುಂಬಿರುತ್ತದೆ. ಅಲ್ಲಿ ನೀರು ಹಿಡಿಯುವ ಪದಾರ್ಥಕ್ಕೆ ಗಾಳಿಯೇ ನೀರು ಒದಗಿಸುತ್ತದೆ, ಬೆವರಿನಿಂದಾಗಿ ದಪ್ಪ ಕ್ರೀಮ್ ಸಹಿಸುವುದು ಕಷ್ಟ. ಅಲ್ಲಿನ ಎಣ್ಣೆ ಚರ್ಮದವರಿಗೆ ಹೈಲುರಾನಿಕ್ ಆಮ್ಲ ಪ್ರಧಾನವಾದ, ಗ್ಲಿಸರಿನ್ ಮಿತವಾಗಿರುವ ಸೀರಮ್ ಮತ್ತು ಅದರ ಮೇಲೆ ಜೆಲ್ ರೂಪದ ಸನ್‌ಸ್ಕ್ರೀನ್, ಇಷ್ಟೇ ಬೆಳಗಿನ ಆರೈಕೆಗೆ ಸಾಕು. ಜಾಹೀರಾತುಗಳಲ್ಲಿ ಕಾಣುವ ಆರೇಳು ಹಂತಗಳ ಸಾಲು ಈ ಹವೆಗೆ ಹೊಂದುವುದಿಲ್ಲ. ಮೊಡವೆ, ಬೆವರುಸಾಲೆ ಹೆಚ್ಚಾಗುವುದಕ್ಕೆ ಅದು ದಾರಿ.

ಕಲಬುರಗಿ, ರಾಯಚೂರು, ವಿಜಯಪುರ, ಬಳ್ಳಾರಿಯ ಬೇಸಿಗೆಯ ಮಾತು ಪೂರ್ತಿ ಬೇರೆ. ತಾಪಮಾನ 40 ಡಿಗ್ರಿ ದಾಟುವ, ಗಾಳಿಯಲ್ಲಿ ತೇವವೇ ಇಲ್ಲದ ಮಧ್ಯಾಹ್ನಗಳಲ್ಲಿ ಮುಖದ ಮೇಲಿನ ಹೈಲುರಾನಿಕ್ ಆಮ್ಲಕ್ಕೆ ಹೊರಗಿನಿಂದ ನೀರು ಸಿಗುವುದಿಲ್ಲ. ಸೀರಮ್‌ನಲ್ಲಿದ್ದ ನೀರು ಆರಿಹೋದ ಮೇಲೆ ಪೊರೆ ಬಿಗಿಯುತ್ತದೆ, ಒಳಪದರದಿಂದ ಮೇಲೆ ಬಂದ ನೀರೂ ಅಲ್ಲಿ ನಿಲ್ಲದೆ ಆವಿಯಾಗುತ್ತದೆ. ಸೀರಮ್ ಹಚ್ಚಿದ ಮೇಲೆ ಮುಖ ಇನ್ನೂ ಬಿಗಿಯಾಯಿತು ಎಂದು ದೂರುವವರಲ್ಲಿ ಬಹಳ ಮಂದಿಯ ತೊಂದರೆ ಇದೇ. ಇಂಥ ಹವೆಯಲ್ಲಿ ಗ್ಲಿಸರಿನ್ ಪ್ರಧಾನವಾದ ಸೀರಮ್ ಅಥವಾ ಸೆರಮೈಡ್ ಸೇರಿದ ಹಾಲುರೂಪದ ಸೀರಮ್ ಆರಿಸಿ, ಒಂದೆರಡು ನಿಮಿಷಗಳೊಳಗೆ ಅದರ ಮೇಲೆ ಮಾಯಿಶ್ಚರೈಸರ್ ಹಚ್ಚಲೇಬೇಕು. ಚಳಿಗಾಲದ ರಾತ್ರಿಗಳಲ್ಲಿ, ಮೊಡವೆಯ ಸ್ವಭಾವ ಇಲ್ಲದವರು, ಒದ್ದೆ ಸೀರಮ್‌ನ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ತೀರಾ ತೆಳ್ಳಗೆ ಸವರಿಕೊಂಡರೂ ಆಗುತ್ತದೆ. ನೀರು ಆವಿಯಾಗುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸುವ ಪದಾರ್ಥ ಬಹುಶಃ ಇಲ್ಲ. ಕೊಬ್ಬರಿ ಎಣ್ಣೆ ಮೈಗೆ ಒಳ್ಳೆಯದು, ಮುಖದಲ್ಲಿ ಮಾತ್ರ ಹಲವರಿಗೆ ರಂಧ್ರಗಳನ್ನು ಮುಚ್ಚಿ ಮೊಡವೆ ತರುತ್ತದೆ.

ಬೆಂಗಳೂರು ಮತ್ತು ಮೈಸೂರಿನವರು ಒಂದೇ ಬಾಟಲಿಯನ್ನು ವರ್ಷವಿಡೀ ಬಳಸಬಹುದು, ಆದರೆ ಮೇಲಿನ ಹೊದಿಕೆಯನ್ನು ಬದಲಿಸಿಕೊಳ್ಳಬೇಕು. ಮಳೆಗಾಲದಲ್ಲಿ ಹಗುರವಾದ ಲೋಷನ್ ಸಾಕು. ಡಿಸೆಂಬರ್‌ನ ಬೆಳಗಿನ ಚಳಿಗೂ ಫೆಬ್ರವರಿ, ಮಾರ್ಚ್‌ನ ಒಣ ಮಧ್ಯಾಹ್ನಗಳಿಗೂ ಕ್ರೀಮ್ ಬೇಕು. ಎಂಟು ಹತ್ತು ಗಂಟೆ ಎಸಿ ಕಚೇರಿಯಲ್ಲಿ ಕೂರುವವರು ಹೊರಗಿನ ಹವೆಯನ್ನು ಮರೆತು ಕಚೇರಿಯ ಒಣಗಾಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು, ಅದರಲ್ಲೂ ದುಬೈ, ಕುವೈತಿನಲ್ಲಿ ಇರುವ ಕನ್ನಡಿಗರು. ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಮನೆಯೊಳಗಿನ ಹೀಟರ್ ಗಾಳಿ ಕಲಬುರಗಿಯ ಬೇಸಿಗೆಯಷ್ಟೇ ಒಣಗಿರಬಲ್ಲದು. ಊರಿನಿಂದ ತರಿಸಿಕೊಂಡ ಹಗುರವಾದ ಸೀರಮ್ ಅಲ್ಲಿ ಒಂಟಿಯಾಗಿ ಸಾಲುವುದಿಲ್ಲ.

ಸುವಾಸನೆ, ಕಪ್ಪು ಕಲೆ, ಮತ್ತು ಹಳೆಯ ಕ್ರೀಮ್‌ಗಳು

ಭಾರತೀಯರ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಸಾಮಾನ್ಯವಾಗಿ ಹೆಚ್ಚು. ಅದರಿಂದ ಬಿಸಿಲಿನ ವಿರುದ್ಧ ಒಂದಿಷ್ಟು ರಕ್ಷಣೆ ದೊರೆಯುತ್ತದೆ, ಆದರೆ ಅದೇ ಕಾರಣದಿಂದ ನಮ್ಮ ಚರ್ಮ ಎಲ್ಲಿ ಕೆರಳುತ್ತದೆಯೋ ಅಲ್ಲಿ ಕೆಂಪು ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿಯ ಚರ್ಮದವರು ಬರೆದ ವಿಮರ್ಶೆಗಳಲ್ಲಿ 'ಸ್ವಲ್ಪ ಉರಿಯಿತು, ಎರಡು ದಿನಕ್ಕೆ ಸರಿಹೋಯಿತು' ಎಂದಿರುವ ಸೀರಮ್ ನಮಗೆ ಅಷ್ಟು ಸುಲಭವಾಗಿ ಸರಿಹೋಗದಿರಬಹುದು. ಹೀಗಾಗಿ ಸುವಾಸನೆಯಿಲ್ಲದ ಸೀರಮ್ಮನ್ನು ಆರಿಸುವುದು ನಮ್ಮ ಮಟ್ಟಿಗೆ ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಎರಡು ಬಾಟಲಿಗಳು ಉಳಿದೆಲ್ಲದರಲ್ಲೂ ಸಮಾನವಾಗಿದ್ದು ಒಂದರಲ್ಲಿ ಪರಿಮಳವಿದ್ದರೆ, ಪರಿಮಳವಿಲ್ಲದ್ದನ್ನೇ ಕೊಳ್ಳಿರಿ ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಪಟ್ಟಿಯಲ್ಲಿ ಪರ್ಫ್ಯೂಮ್, ಪಾರ್ಫಮ್, ಫ್ರೇಗ್ರೆನ್ಸ್ ಎಂಬ ಹೆಸರುಗಳಲ್ಲಿ ಅದು ಅಡಗಿರುತ್ತದೆ. ಲಿಮೊನೀನ್, ಲಿನಲೂಲ್, ಜೆರಾನಿಯಾಲ್, ಸಿಟ್ರೊನೆಲಾಲ್ ಎಂಬವು ಕಿತ್ತಳೆ, ಲ್ಯಾವೆಂಡರ್, ಗುಲಾಬಿ ಮುಂತಾದ ಸುಗಂಧ ತೈಲಗಳ ಅಂಶಗಳು. 'ನೈಸರ್ಗಿಕ' ಎಂದ ಮಾತ್ರಕ್ಕೆ ಅವು ನಿರಪಾಯಕಾರಿ ಆಗುವುದಿಲ್ಲ. ಆಲ್ಕೊಹಾಲ್ ಡಿನ್ಯಾಟ್, ಅಂದರೆ ಕುಡಿಯಲಾಗದಂತೆ ಮಾಡಿದ ಮದ್ಯಸಾರ, ಪಟ್ಟಿಯ ಮೊದಲ ಸಾಲಿನಲ್ಲೇ ಇದ್ದರೆ ಆ ಸೀರಮ್ ಬೇಗ ಒಣಗಿ ಹಗುರವೆನಿಸುವುದು ಅದರಿಂದಲೇ, ಒಣ ಚರ್ಮಕ್ಕೆ ಅದು ಬೇಡ. ಮೀಥೈಲ್‌ಐಸೊಥಯಜೋಲಿನೋನ್ ಎಂಬ ಸಂರಕ್ಷಕವನ್ನು, ಅಲರ್ಜಿಯ ಕಾರಣಕ್ಕಾಗಿ, ತೊಳೆಯದೆ ಬಿಡುವ ಸೌಂದರ್ಯ ಸಾಧನಗಳಲ್ಲಿ ಬಳಸದಂತೆ ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ನಾವೂ ಅದನ್ನು ದೂರವಿಡುವುದು ಕ್ಷೇಮ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಮುಖ ಬೆಳ್ಳಗಾಗಲೆಂದು ಅಥವಾ ಬಂಗು ಹೋಗಲೆಂದು, ವೈದ್ಯರ ಚೀಟಿಯಿಲ್ಲದೆ, ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಇರುವ ಸ್ಟೀರಾಯ್ಡ್ ಕ್ರೀಮ್‌ಗಳನ್ನು ತಿಂಗಳುಗಟ್ಟಲೆ ಹಚ್ಚಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರ ಚರ್ಮ ತೆಳುವಾಗಿ, ಬಿಸಿಲಿಗೆ ಉರಿದು, ಕ್ರೀಮ್ ಬಿಟ್ಟ ಕೂಡಲೇ ಕೆಂಪೇರಿ ಗುಳ್ಳೆಯೇಳುತ್ತದೆ. ಆ ಉರಿಯನ್ನು ಒಣ ಚರ್ಮವೆಂದು ತಿಳಿದು ಒಂದರ ಮೇಲೊಂದು ಸೀರಮ್ ಬದಲಿಸುತ್ತಾ ಹೋಗುವುದರಿಂದ ಪ್ರಯೋಜನವಿಲ್ಲ. ಅವರು ಹೋಗಬೇಕಾದದ್ದು ಚರ್ಮತಜ್ಞರ ಬಳಿಗೆ, ಅದೂ ಹಚ್ಚುತ್ತಿದ್ದ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡು.

ಲೇಬಲ್, ಬಾಟಲಿ, ಬೆಲೆ

ಭಾರತದ 2020ರ ಸೌಂದರ್ಯ ಸಾಧನಗಳ ನಿಯಮಗಳ ಪ್ರಕಾರ, ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವುವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಎರಡು ಭಾಗಗಳ ನಡುವಿನ ಗೆರೆಯನ್ನು ಊಹಿಸಲು ಒಂದು ಸುಲಭೋಪಾಯವಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇಕಡಾ 1ನ್ನು ಮೀರದಂತೆ ಬಳಸುತ್ತಾರೆ, ಆದ್ದರಿಂದ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇಕಡಾ 1ರೊಳಗಿನದು. ಮುಂಭಾಗದಲ್ಲಿ ಕೇಸರಿ, ಕಮಲ, ಮುತ್ತು ಎಂದು ಚಿತ್ರಸಮೇತ ಹೊಗಳಿರುವ ಪದಾರ್ಥ ಫೀನಾಕ್ಸಿಎಥನಾಲಿನ ಕೆಳಗಿದ್ದರೆ ಅದರ ಪಾಲು ಎಷ್ಟೆಂದು ನೀವೇ ಅಂದಾಜಿಸಬಹುದು. ಹೈಲುರಾನಿಕ್ ಆಮ್ಲಕ್ಕೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ: ಅದು ಶೇಕಡಾ 1ರೊಳಗೇ ದ್ರವವನ್ನು ಗಟ್ಟಿಯಾಗಿಸುವಷ್ಟು ಬಲವಾದದ್ದು, ಪಟ್ಟಿಯ ಕೆಳಭಾಗದಲ್ಲಿರುವುದು ಸಹಜ.

ಬಾಟಲಿಯ ವಿಷಯದಲ್ಲಿ, ಒತ್ತುವ ಪಂಪ್ ಇರುವುದು ಡ್ರಾಪರ್‌ಗಿಂತ ಮೇಲು. ಡ್ರಾಪರಿನ ತುದಿ ಮುಖಕ್ಕೆ ತಾಗಿ ಮತ್ತೆ ಬಾಟಲಿಯೊಳಕ್ಕೆ ಹೋದರೆ ನೀರಿನಂಶ ಹೆಚ್ಚಿರುವ ದ್ರವಕ್ಕೆ ಕೊಳೆ ಸೇರುತ್ತದೆ. ಡ್ರಾಪರ್ ಇರುವವರು ಅಂಗೈಗೆ ಹನಿಸಿಕೊಂಡು ಹಚ್ಚಲಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದು ಬರೆದಿದ್ದರೆ, ತೆರೆದ ನಂತರ ಅಷ್ಟು ತಿಂಗಳೊಳಗೆ ಮುಗಿಸಬೇಕು ಎಂದರ್ಥ.

ಬೆಲೆಯನ್ನು ಬಾಟಲಿಯ ಲೆಕ್ಕದಲ್ಲಿ ಹೋಲಿಸದೆ ಮಿಲಿಲೀಟರಿನ ಲೆಕ್ಕದಲ್ಲಿ ಹೋಲಿಸಬೇಕು. ಉದಾಹರಣೆಗೆ, 600 ರೂಪಾಯಿಯ 30 ಮಿಲಿಲೀಟರಿನ ಬಾಟಲಿಯಲ್ಲಿ ಮಿಲಿಲೀಟರಿಗೆ 20 ರೂಪಾಯಿ ಬಿದ್ದರೆ, 900 ರೂಪಾಯಿಯ 50 ಮಿಲಿಲೀಟರಿನದರಲ್ಲಿ 18 ರೂಪಾಯಿ. ದಿನಕ್ಕೆರಡು ಬಾರಿ ಅರ್ಧರ್ಧ ಮಿಲಿಲೀಟರ್ ಹಚ್ಚಿದರೆ ಮೊದಲನೆಯದು ಒಂದೇ ತಿಂಗಳಿಗೆ ಮುಗಿಯುತ್ತದೆ. ಹಣ ಸೀಮಿತವಾಗಿದ್ದರೆ ಸೀರಮ್‌ಗಿಂತ ಮೊದಲು ಒಳ್ಳೆಯ ಸನ್‌ಸ್ಕ್ರೀನ್ ಮತ್ತು ಮಾಯಿಶ್ಚರೈಸರ್ ಕೊಳ್ಳಬೇಕು, ಉಳಿದರೆ ಸೀರಮ್. ಗ್ಲಿಸರಿನ್ ಪ್ರಧಾನವಾದ ಸಾಧಾರಣ ಬೆಲೆಯ ಮಾಯಿಶ್ಚರೈಸರ್ ಒಂದನ್ನು ಒದ್ದೆ ಮುಖದ ಮೇಲೆ ಹಚ್ಚಿದರೂ ಸೀರಮ್‌ನ ಬಹುಪಾಲು ಪ್ರಯೋಜನ ದೊರೆಯುತ್ತದೆ.

ಹಚ್ಚುವ ಮೊದಲು, ಹಚ್ಚುವಾಗ

ಹೊಸ ಸೀರಮ್ಮನ್ನು ಮೊದಲು ಮುಂಗೈಯ ಒಳಭಾಗದಲ್ಲೋ ಕಿವಿಯ ಹಿಂದೆಯೋ ಒಂದೇ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕು. ಅಲರ್ಜಿ ಹಲವು ದಿನಗಳ ನಂತರ ಕಾಣಿಸಿಕೊಳ್ಳುವುದುಂಟು, ಒಂದು ದಿನದ ಪರೀಕ್ಷೆ ಸಾಲದು. ಆ ಅವಧಿಯಲ್ಲಿ ಬೇರೆ ಯಾವ ಹೊಸ ಪದಾರ್ಥವನ್ನೂ ಆರಂಭಿಸಬಾರದು, ಇಲ್ಲವಾದರೆ ತೊಂದರೆ ಯಾವುದರಿಂದ ಬಂತೆಂದು ಗೊತ್ತಾಗುವುದಿಲ್ಲ.

ಮುಖ ತೊಳೆಯಲು ಬಿಸಿನೀರು ಬೇಡ. ಬೋರ್‌ವೆಲ್‌ನ ಗಡಸು ನೀರು ಬರುವ ಮನೆಗಳಲ್ಲಿ ಸಾಬೂನಿಗೆ ಬದಲಾಗಿ ಸೌಮ್ಯವಾದ ಫೇಸ್‌ವಾಶ್ ಬಳಸಿದರೆ, ಕ್ಯಾಲ್ಸಿಯಂ ಜೊತೆಗೂಡಿ ಮುಖದ ಮೇಲೆ ಉಳಿಯುವ ಸಾಬೂನಿನ ಪೊರೆ ತಪ್ಪುತ್ತದೆ. ಟವೆಲಿನಿಂದ ಒತ್ತಿ, ಇನ್ನೂ ಹಸಿಯಿರುವಾಗಲೇ ಸೀರಮ್ ಹಚ್ಚಿ, ಅದು ಪೂರ್ತಿ ಒಣಗುವ ಮೊದಲು ಮಾಯಿಶ್ಚರೈಸರ್, ಹಗಲಾದರೆ ಕೊನೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಹಚ್ಚುವಾಗ ಬೆರಳಿಗೆ ಸಣ್ಣ ಸುರುಳಿಗಳು ಉದುರಿ ಬಂದರೆ ಸೀರಮ್ಮಿನ ಪ್ರಮಾಣ ಹೆಚ್ಚಾಗಿದೆ ಅಥವಾ ಎರಡು ಪದರಗಳು ಹೊಂದುತ್ತಿಲ್ಲ. ಪ್ರಮಾಣ ಕಡಿಮೆ ಮಾಡಿ, ನಡುವೆ ಕೆಲವು ನಿಮಿಷ ಬಿಟ್ಟು ನೋಡಬೇಕು. ಗರ್ಭಿಣಿಯರು ಸರಳವಾದ ಗ್ಲಿಸರಿನ್, ಹೈಲುರಾನಿಕ್ ಆಮ್ಲದ ಸೀರಮ್‌ಗಳಿಗೆ ಸೀಮಿತರಾಗಿ, ಎ ಜೀವಸತ್ವದ ರೂಪವಾದ ರೆಟಿನಾಲ್ ಸೇರಿದವುಗಳನ್ನು ಬಿಡಬೇಕು, ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಮೇಲು.

ತೇವದ ಹಿತ ಮೊದಲ ದಿನವೇ ಗೊತ್ತಾಗುತ್ತದೆ. ನಿಯಾಸಿನಮೈಡ್ ಕಲೆಗಳ ಮೇಲೆ ಕೆಲಸ ಮಾಡಲು ಎಂಟು ವಾರಗಳಾದರೂ ಬೇಕು. ಸರಿಯಾದ ಕ್ರಮದಲ್ಲಿ ಹಚ್ಚಿ, ಮೇಲೆ ಕ್ರೀಮನ್ನೂ ಬಳಸಿ, ನಾಲ್ಕು ವಾರ ಕಳೆದರೂ ಮುಖದ ಬಿಗಿತ, ತುರಿಕೆ ಅಥವಾ ಹೊಟ್ಟು ಕಡಿಮೆಯಾಗದಿದ್ದರೆ, ಹುಬ್ಬು ಮತ್ತು ಮೂಗಿನ ಅಂಚಿನಲ್ಲೇ ಹೊಟ್ಟು ಕೂಡಿಕೊಳ್ಳುತ್ತಿದ್ದರೆ, ಅದು ಸೆಬೊರಿಕ್ ಡರ್ಮಟೈಟಿಸ್ ಅಥವಾ ಎಕ್ಸಿಮಾ ಎಂಬ ಚರ್ಮರೋಗ ಆಗಿರುವ ಸಾಧ್ಯತೆಯಿದೆ. ಅದಕ್ಕೆ ಔಷಧಿ ಬೇರೆಯೇ ಇದೆ, ಅದನ್ನು ಬರೆದುಕೊಡಬೇಕಾದವರು ಚರ್ಮತಜ್ಞರು.